ಎಡಗೈ ಕುಡುಗೋಲು

"ಎಡಗೈ ಅಂತ ಯಾಕೆ ಬರೆದೆ? ಬರೀ ಕೈ ಅಂದಿದ್ರೆ ನಿನ್ ಪದ್ಯ ಬಿದ್ದೋಗ್ತಿತ್ತಾ?"

ಅತ್ತಿಗೆ ಪತ್ರಿಕೆಯನ್ನು ಮೈದುನನ ಮುಖಕ್ಕೆ ಹಿಡಿದಿದ್ದಳು. ಧಣಿಯ ಹುಲ್ಲು ಕೊಯ್ಯುವ ಹನ್ನೆರಡು ಮಂದಿಯಲ್ಲಿ ಎಡಚಿ ಅವಳೊಬ್ಬಳೇ. ಕುಡುಗೋಲು ಪಕ್ಕದವರಿಗೆ ತಾಗಬಾರದೆಂದು ಸಾಲಿನ ತುದಿಯಲ್ಲೇ ಅವಳ ಜಾಗ. ಹೋದ ತಿಂಗಳು ಹುಲ್ಲಿನಲ್ಲಿ ಗೌಜಲಹಕ್ಕಿಯ ಗೂಡು ಕಂಡು ಅವಳು ಮೊರದಗಲ ಹುಲ್ಲು ಬಿಟ್ಟು ಮುಂದೆ ಹೋಗಿದ್ದಳು. ಯಾರು ಬಿಟ್ಟದ್ದೆಂದು ಮೇಸ್ತ್ರಿ ಕೂಗಾಡಿದಾಗ ಹನ್ನೆರಡೂ ಮಂದಿ ಗೊತ್ತಿಲ್ಲವೆಂದು ತಲೆಯಾಡಿಸಿದ್ದರು, ಮೈದುನನೂ.

ಆಮೇಲೆ ಈ ಮಹಾಶಯ ಅದನ್ನೇ ಪದ್ಯ ಮಾಡಿ ಪತ್ರಿಕೆಗೆ ಕಳಿಸಿದ. ತನ್ನ ಪದ್ಯವನ್ನು ಹೊಲದವರು ಯಾರೂ ಓದುವುದಿಲ್ಲ, ಧಣಿಯ ಮನೆಯಲ್ಲಿ ಓದುತ್ತಾರೆ ಎಂಬಷ್ಟು ಬುದ್ಧಿ ಅವನಿಗಿರಲಿಲ್ಲ. ಧಣಿಯ ಹೆಂಡತಿ ಓದಿ ಕಣ್ಣೊರೆಸಿಕೊಂಡರಂತೆ. ಧಣಿ ಓದಿ ಮೇಸ್ತ್ರಿಯನ್ನು ಕರೆಸಿದ. ಅತ್ತಿಗೆಯ ಕೆಲಸ ಹೋಯಿತು.

"ನಿಮ್ಮನ್ನ ಹೊಗಳಿ ಬರೆದಿದ್ದು ಅತ್ತಿಗೆ."

"ಹೊಗಳು ಅಂತ ನಾನು ಕೇಳಿದ್ನಾ? ಆ ನೋಟ್‌ಬುಕ್ಕಲ್ಲಿ ಇನ್ನೂ ಯಾರ್ಯಾರು ಇದ್ದಾರೆ?"

"ಯಾರೂ ಇಲ್ಲ. ಮರ, ಹಕ್ಕಿ, ಹುಲ್ಲು."

"ಹುಲ್ಲು ಅಂದ್ರೆ ನಾವೂ ಅಂತಾಯ್ತಲ್ಲ."

ಅವನು ಮೇಸ್ತ್ರಿಯ ಹತ್ತಿರ ಓಡಿದ. ಎಡಗೈ ಅನ್ನುವುದು ಪದ್ಯಕ್ಕಾಗಿ ಕಟ್ಟಿದ ಸುಳ್ಳು, ಅಂಥದ್ದೇನೂ ನಡೆದೇ ಇಲ್ಲ ಎಂದು ಅಂಗಲಾಚಿದ. ಮೇಸ್ತ್ರಿ ಪತ್ರಿಕೆ ಬಿಚ್ಚಿ ಪದ್ಯದ ಮೇಲೆ ಹಾಕಿದ್ದ ಪರಿಚಯದ ಸಾಲಿಗೆ ಬೆರಳಿಟ್ಟ. "ಓದಪ್ಪ. 'ಕಂಡದ್ದನ್ನೇ ಬರೆಯುವ ಕೂಲಿ ಕವಿ.' ನೀನು ಸುಳ್ಳು ಬರೆಯೋನಲ್ಲ ಅಂತ ಪತ್ರಿಕೆಯವರೇ ಹಾಕಿದ್ದಾರೆ. ಅಂದಹಾಗೆ ಅಮ್ಮಾವ್ರು ನಿನ್ನನ್ನ ನೋಡಬೇಕಂತೆ, ಒಂದ್ಸಲ ಹೋಗಿ ಬಾ."

ಅವನು ಹೋಗಲಿಲ್ಲ. ಹೋಗಿ ಬಂದ ಎಂದೇ ಎಲ್ಲರೂ ನಂಬಿದರು.

ಮಾರನೆಯ ದಿನ ಅವನನ್ನು ಸಾಲಿನ ತುದಿಗೆ ಹಾಕಿದರು. ಅವನು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು, ದೂರ ಹೋದರೆ ಮತ್ತೆ ಶುರುವಾಗುತ್ತಿತ್ತು. ಜೇಬಿನಿಂದ ಬೀಡಿ ತೆಗೆದರೂ, ನೋಟ್‌ಬುಕ್ಕೇನೋ ಎಂದು ಹತ್ತು ಜೋಡಿ ಕಣ್ಣು ಅವನ ಕೈಯ ಮೇಲೆ.

ಬಿಸಿಲು ಏರಿದಾಗ ಸಾಲಿನ ನಡುವೆ ಕುಡುಗೋಲುಗಳು ತಟ್ಟನೆ ನಿಂತವು. ಮೂವರು ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಹುಲ್ಲಿನೊಳಗೆ ಬಗ್ಗಿದರು. ಒಬ್ಬಳು "ಅಯ್ಯೋ, ಎಷ್ಟು ಚಿಕ್ಕದು" ಎಂದಳು. ಅವನು ಕುತ್ತಿಗೆ ಚಾಚಿ ಎರಡು ಹೆಜ್ಜೆ ಮುಂದಿಟ್ಟ. ಮೂವರೂ ಒಟ್ಟಿಗೆ ಎದ್ದು ನಿಂತರು, ಸೀರೆಗೆ ಸೀರೆ ತಾಗುವಷ್ಟು ಒತ್ತಾಗಿ.

"ಏನದು?"

"ಏನಿಲ್ಲ, ಮುಳ್ಳು. ನಿನ್ ಸಾಲು ನೋಡ್ಕೋ."

ಅವರ ಕಾಲಿನ ಹಿಂದೆ ಹುಲ್ಲು ಸಣ್ಣಗೆ ಅಲುಗಾಡುತ್ತಿತ್ತು. ಅವನು ಬೆನ್ನು ತಿರುಗಿಸಿ ನಿಂತುಕೊಂಡ.