ಕೋಟೆ ರಾಜನಿಗೆ ಒಂದೇ ನಡೆ

ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯ ಗುಮಾಸ್ತ ಗೌಸ್ ಮೊಹಿದ್ದೀನ್ ಅವರಿಗೆ ನೌಕರರ ಕ್ರೀಡಾಕೂಟದಲ್ಲಿ ಇದೇ ಕೊನೆಯ ಚೆಸ್. ಮಾರ್ಚಿಗೆ ನಿವೃತ್ತಿ. ಹನ್ನೊಂದು ಸಲ ಚಾಮರಾಜನಗರಕ್ಕೆ ಬಸ್ಸು ಹತ್ತಿ ಬಂದು ಹನ್ನೊಂದು ಸಲವೂ ಬರಿಗೈಯಲ್ಲಿ ಮರಳಿದವರು ಈ ಸಲ ಅದು ಹೇಗೋ ಫೈನಲ್ ತಲುಪಿಬಿಟ್ಟಿದ್ದರು. ಗೆದ್ದರೆ ರಾಜ್ಯಮಟ್ಟ. ಬೆಳಗಿನಿಂದ ಇದು ಐದನೇ ಆಟ. ಸೊಂಟ ಹಿಡಿದಿತ್ತು, ಕಣ್ಣು ಉರಿಯುತ್ತಿತ್ತು. ಆಸೆಗೆ ಮಾತ್ರ ಇನ್ನೂ ಸುಸ್ತಾಗಿರಲಿಲ್ಲ, ಅದೇ ದೊಡ್ಡ ಕಾಟ.

ಎದುರಿಗೆ ಖಜಾನೆಯ ಕಿರಣ್ ಕುಮಾರ್, ಇನ್ನೂ ಮೂವತ್ತು ದಾಟದವನು. ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಗೌಸ್ ಆಟ ಶುರುಮಾಡಿದ್ದರು. ಮೊಮ್ಮಗಳು ಮುಬಶ್ಶಿರಾ ಎರಡು ತಿಂಗಳು ಫೋನಿನಲ್ಲಿ ತೋರಿಸಿ ಬಾಯಿಪಾಠ ಮಾಡಿಸಿದ ಆಟ. ಕಿರಣ್ ಕ್ಯಾಸಲಿಂಗ್ ಮಾಡಿ ರಾಜನನ್ನು ಕೋಟೆಗೆ ಸೇರಿಸಿದ. ಗೌಸ್ ಒಂಟೆಯನ್ನು ಬಲಿಕೊಟ್ಟು ಕೋಟೆಯ ಗೋಡೆ ಒಡೆದರು, ಕುದುರೆ ನುಗ್ಗಿಸಿದರು, ರಾಣಿಯನ್ನು ಅಂಚಿಗೆ ತಂದರು. ರಾಣಿ ಇನ್ನೊಂದೇ ನಡೆ ಒಳಗೆ ಹೋದರೆ ಮೇಟ್. ಕಿರಣ್ ಅದನ್ನು ನೋಡಿಯೇ ಇರಲಿಲ್ಲ. ತನ್ನ ಕುದುರೆಯನ್ನು ಗೌಸರ ರಾಜನ ಕಡೆಗೆ ಬಿಟ್ಟ.

ಗೌಸರ ಕಣ್ಣು ಮೇಟ್ ಬಿಟ್ಟು ಆ ಕುದುರೆಯ ಮೇಲೆ ನೆಟ್ಟಿತು. ಈರುಳ್ಳಿ ಮಂಡಿಯ ಜಗುಲಿಯ ಮೇಲೆ ಗೆಳೆಯ ಪುಟ್ಟಮಾದಯ್ಯನ ಜೊತೆ ನಲವತ್ತು ವರ್ಷ ಅವರು ಆಡಿದ್ದು ನಾಟಿ ಆಟ. ಅಲ್ಲಿ ಕೋಟೆ ಇಲ್ಲ. ಶಹ, ಅಂದರೆ ಚೆಕ್, ಬೀಳುವ ಮುಂಚೆ ರಾಜ ಒಂದೇ ಒಂದು ಸಲ ಕುದುರೆಯಂತೆ ನೆಗೆದು ಪಾರಾಗಬಹುದು. "ಮೊದ್ಲು ನಿನ್ ರಾಜನ್ನ ಕಾಪಾಡ್ಕೊಳ್ಲಾ, ಆಮೇಲೆ ಊರ್ ಗೆಲ್ಲೀವಂತೆ" ಎನ್ನುತ್ತಿದ್ದ ಪುಟ್ಟಮಾದಯ್ಯ. ಮೂವತ್ತೆರಡು ವರ್ಷದ ನೌಕರಿಯನ್ನೂ ಗೌಸ್ ಹೀಗೇ ಮಾಡಿದ್ದು, ಮೊದಲು ತಲೆ ಉಳಿಸಿಕೊಂಡು. ಅವರ ಕೈ ತಾನಾಗಿ ರಾಜನನ್ನು ಎತ್ತಿ ನೆಗೆಸಿಬಿಟ್ಟಿತು.

"ಸಾರ್?" ಎಂದ ಕಿರಣ್.

ತೀರ್ಪುಗಾರ್ತಿ ಶಿವರಂಜಿನಿ ಬಂದು ನೋಡಿದರು. ಚೆಸ್ಸಿನಲ್ಲಿ ಆ ನೆಗೆತ ಇಲ್ಲ. ಆದರೆ ಮುಟ್ಟಿದ ಕಾಯಿಯನ್ನೇ ಆಡಬೇಕು. ಗೌಸ್ ರಾಜನನ್ನು ಒಂದು ಮನೆ ಸರಿಸಿದರು. ಅಷ್ಟರಲ್ಲಿ ಕಣ್ಣು ಬಿಟ್ಟ ಕಿರಣ್ ಆನೆಯನ್ನು ಪಕ್ಕಕ್ಕೆಳೆದು ತನ್ನ ರಾಜನಿಗೆ ದಾರಿ ಮಾಡಿಕೊಂಡ. ಕೊಟ್ಟ ಒಂಟೆ ಹಿಂದಕ್ಕೆ ಬಂದೀತೇ? ಮುಂದಿನ ಇಪ್ಪತ್ತು ನಡೆಯಲ್ಲಿ ಗೌಸ್ ಸೋತರು.

ಕೈ ಕುಲುಕುತ್ತಾ ಕಿರಣ್ ಕೇಳಿದ, "ಒಂದೇ ನಡೇಲಿ ಮೇಟ್ ಇತ್ತಲ್ಲ ಸಾರ್, ನೋಡ್ಲಿಲ್ವಾ?"

"ನೋಡ್ದೆ ಕಣಪ್ಪ."

"ಮತ್ಯಾಕೆ ಆಡ್ಲಿಲ್ಲ?"

ಸುಸ್ತು, ಕಣ್ಣುರಿ, ಹಳೇ ಅಭ್ಯಾಸ: ನೆಪಗಳು ಬೇಕಾದಷ್ಟಿದ್ದವು. ಯಾವುದನ್ನೂ ಹೇಳುವಷ್ಟು ತ್ರಾಣ ಗೌಸರಲ್ಲಿ ಉಳಿದಿರಲಿಲ್ಲ.

"ಎದರ್ಕಬುಟ್ಟೆ," ಎಂದರು. "ಕೊನೇಗಂಟ ಗೆದ್ದು ಗೊತ್ತಿಲ್ಲ ನಂಗೆ."