ಬೀಗದ ಕೈ ಇದ್ದವರು ಬೆಲ್ ಒತ್ತುವುದಿಲ್ಲ

ಊರಿನಿಂದ ಸಾವಿನ ಫೋನು ಬಂದರೆ ನಾವು ಘಾನಾದವರು ಮೊದಲು ಅಳುತ್ತೇವೆ, ಆಮೇಲೆ ವಿಮಾನದ ಟಿಕೆಟ್ ಹುಡುಕುತ್ತೇವೆ. ಮಾಡಬೇಕಾದ ಮೂರನೆಯ ಕೆಲಸವೊಂದಿದೆ. ಅದನ್ನು ಮಾತ್ರ ಮರೆಯುತ್ತೇವೆ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ನಾನು ಸೆರ್ವಾ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಮೇಲಿನ ಮಹಡಿಯಲ್ಲಿ ಕೊನಾಡು, ಅವಳ ಮಗಳು ಅಂಪೊಮಾ. ಇಬ್ಬರೇ. ಕಳೆದ ಸೆಪ್ಟೆಂಬರಿನಲ್ಲಿ ಕೊನಾಡುವಿನ ಅಣ್ಣ ಊರಲ್ಲಿ ತೀರಿಕೊಂಡ. ನಮ್ಮಲ್ಲಿ ಹೆಣವನ್ನು ಕೂಡಲೇ ಮಣ್ಣು ಮಾಡುವುದಿಲ್ಲ. ಹೊರದೇಶದವರೆಲ್ಲ ಬರುವವರೆಗೆ, ಹಿರಿಯರ ಜಗಳ ತೀರುವವರೆಗೆ ಶೀತಲ ಕೋಣೆಯಲ್ಲಿಟ್ಟು ಕಾಯುತ್ತೇವೆ. ದಿನ ಗೊತ್ತಾಗುತ್ತದೆ, ಮುಂದೆ ಹೋಗುತ್ತದೆ, ಮತ್ತೆ ಗೊತ್ತಾಗುತ್ತದೆ.

ಮಗಳನ್ನು ನನಗೆ ಒಪ್ಪಿಸಿ ಕೊನಾಡು ಹೊರಟು ನಿಂತಳು. ಯಾವಾಗ ಬರುತ್ತೀಯೆಂದರೆ ಮಣ್ಣಾದ ಮೇಲೆ ಎಂದಳು. ಆರು ತಿಂಗಳು ದಾಟಿಸಬೇಡ, ದಾಟುವ ಹಾಗಿದ್ದರೆ ಮೊದಲೇ ವಿದೇಶಿಯರ ಕಚೇರಿಯಲ್ಲಿ ಕೇಳಿಕೊಂಡು ಹೋಗು ಎಂದೆ. ಅವಳು ನಕ್ಕು, ಪರ್ಸಿನಿಂದ ಕಾಯಂ ವಾಸದ ಕಾರ್ಡ್ ತೆಗೆದು ನನ್ನ ಮೂಗಿಗೆ ಹಿಡಿದಳು.

"ಓದಕ್ಕಾ. 'ಅವಧಿಯಿಲ್ಲ' ಅಂತ ಸರ್ಕಾರದೋರೇ ಅಚ್ಚು ಹಾಕಿದಾರೆ. ನೀನೇನು ಸರ್ಕಾರಕ್ಕಿಂತ ದೊಡ್ಡೋಳಾ?"

"ಇಲ್ಲಿರೋವರೆಗೆ ಅವಧಿಯಿಲ್ಲ ಕಣೇ. ಆಚೆ ಹೋಗಿ ಆರು ತಿಂಗಳೊಳಗೆ ಬರ್ಲಿಲ್ಲ ಅಂದ್ರೆ ಅದು ತಾನಾಗೇ ಸಾಯುತ್ತೆ. ಸತ್ತಿದೆ ಅಂತ ಯಾರೂ ಹೇಳಿ ಕಳಿಸಲ್ಲ. ಕಾರ್ಡು ಮಾತ್ರ ಪರ್ಸಲ್ಲಿ ಹೊಸದರ ಹಾಗೇ ಇರುತ್ತೆ. ಡೂಫಿದೂ ಹಾಗೇ ಇತ್ತು."

ಡೂಫಿ ಎಂದರೆ ಅದೇ ಮನೆಯಲ್ಲಿ ಇವರಿಗಿಂತ ಮೊದಲಿದ್ದವಳು. ತಾಯಿಯ ಮಣ್ಣಿಗೆಂದು ಹೋದಳು. ಮಣ್ಣು ಮುಂದೆ ಹೋಯಿತು, ಅವಳೂ ಉಳಿದಳು. ತಿರುಗಿ ಬಂದಾಗ ವಿಮಾನ ನಿಲ್ದಾಣದಲ್ಲೇ ತಡೆದು ವಾಪಸ್ಸು ಕಳಿಸಿದರು. ಅವಳ ಪಾತ್ರೆಪಗಡ ನಾನೇ ಚರ್ಚಿಗೆ ಕೊಟ್ಟೆ. ಕೊನಾಡು ಇದನ್ನೆಲ್ಲ ಕೇಳಿ, ಅದು ಅವಳ ಹಣೆಬರಹ ಎಂದು ಸೂಟ್‌ಕೇಸ್ ಎಳೆದುಕೊಂಡು ಹೋದಳು. ತಲೆಗೆ ಎರಡು ಬಿಡೋಣ ಅನ್ನಿಸಿತ್ತು ನನಗೆ.

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೇ ಕತ್ತಲು. ಅಂಥದ್ದೊಂದು ಸಂಜೆ ಅಂಪೊಮಾ ಮಹಡಿ ಇಳಿದು ಬಂದಳು. ತಮ್ಮ ಮನೆಯ ಬೆಲ್ ಆಯಿತಂತೆ, ಕೆಳಗೆ ಹೋಗಿ ನೋಡಿದರೆ ಯಾರೂ ಇಲ್ಲವಂತೆ. ನಾನೂ ಹೋಗಿ ನೋಡಿದೆ. ಹೊಸ್ತಿಲ ಮುಂದೆ ಹೊಸ ಹಿಮ ಬಿದ್ದಿತ್ತು. ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಆಮೇಲೆ ಆಗಾಗ ಹಾಗೇ ಆಯಿತು. ಒಂದು ದಿನ ಹುಡುಗಿ ಕೆಳಗೆ ಬೀದಿ ಬಾಗಿಲಲ್ಲಿ ಬೆಲ್‌ನ ಪಕ್ಕದ ಹೆಸರಿನ ಚೀಟಿ ತೋರಿಸಿದಳು. 'ಕೊನಾಡು' ಎಂಬುದು ಮಸಕಾಗಿತ್ತು. ಮಳೆನೀರು ಹೋಗಿರಬೇಕೆಂದು ಬೇರೆ ಬರೆದು ಹಾಕಿದೆ. ವಾರದಲ್ಲಿ ಅದೂ ಮಸಕಾಯಿತು.

"ಅಮ್ಮನ ಹೆಸರೇ ಯಾಕೆ ಹೋಗ್ತಿದೆ, ದೊಡ್ಡಮ್ಮಾ?"

ಚೀಟಿ ಎಳೆದೆ. ಅದರ ಅಡಿಯಲ್ಲಿ ಹಳೆಯ ಚೀಟಿಯೊಂದಿತ್ತು. 'ಡೂಫಿ'. ಈಗ ತಾನೇ ಬರೆದಷ್ಟು ಕಪ್ಪಗಿತ್ತು. ನನಗೆ ಹೆದರಿಕೆಯಾಯಿತು. ಹುಡುಗಿಯ ಮುಂದೆ ತೋರಿಸಲಿಲ್ಲ, ಅಷ್ಟೆ.

ಅಂದೇ ಕೊನಾಡುವಿಗೆ ಫೋನ್ ಮಾಡಿದೆ. ಕ್ರಿಸ್‌ಮಸ್‌ಗೆ ಎಂದಿದ್ದ ಮಣ್ಣು ಈಸ್ಟರಿಗೆ ಹೋಗಿತ್ತು. ಅಲ್ಲಿಯವರೆಗೆ ಇದ್ದರೆ ಆರು ತಿಂಗಳು ದಾಟುತ್ತದೆ. ಅವಳಿಗೆ ಅದರ ಯೋಚನೆಯೇ ಇಲ್ಲ. ಶೀತಲ ಕೋಣೆಗೆ ಹೋಗಿ ಬಂದದ್ದನ್ನು ಹೇಳುತ್ತಿದ್ದಳು.

"ಅಣ್ಣ ಹಾಗೇ ಇದಾನಕ್ಕಾ, ಮಲಗಿರೋ ಹಾಗೆ. ಮುಖದಲ್ಲಿ ಒಂದು ಕಲೆ ಇಲ್ಲ. ಸತ್ತಿದಾನೆ ಅಂತ ಹೇಳೋಕೇ ಆಗಲ್ಲ."

"ನಿನ್ನ ಕಾರ್ಡ್ ತೆಗೆದು ನೋಡು," ಎಂದೆ. "ಅದೂ ಹಾಗೇ ಇರುತ್ತೆ."

ಅವಳು ಮಾತು ತಿರುಗಿಸಿ, ಅಂಪೊಮಾ ಊಟ ಮಾಡಿದಳಾ ಎಂದು ಕೇಳಿದಳು. ನೀನು ಗಡಿಯಾಚೆ ಉಳಿದರೆ ಅವಳಿಗೆ ಇಲ್ಲಿ ಯಾರಿದ್ದಾರೆ ಎಂದೆ.

ಮಣ್ಣಾಗುವ ಮುಂಚೆ ಒಡಹುಟ್ಟಿದವಳು ಊರು ಬಿಡುವುದು ನಮ್ಮಲ್ಲಿ ನಾಚಿಕೆಗೇಡು. ಕೊನಾಡು ಪದ್ಧತಿಯಂತೆ ಜಿನ್ ಎಂಬ ಮದ್ಯದ ಬಾಟಲಿ ಹಿಡಿದು ಮನೆತನದ ಯಜಮಾನನ ಹತ್ತಿರ, ಎಂದರೆ ಸೋದರಮಾವನ ಹತ್ತಿರ ಹೋದಳು. ಸತ್ತವನೇ ಕಾಯುತ್ತಿದ್ದಾನೆ, ಬದುಕಿದವಳಿಗೆ ಏನು ಅವಸರ ಎಂದು ಅವನು ಮುಖ ತಿರುಗಿಸಿದನಂತೆ. ಇವಳು ನೆಲಕ್ಕೆ ಜಿನ್ ಹುಯ್ದು ಅಣ್ಣನ ಅಪ್ಪಣೆ ಕೇಳಿದಳು. ಆಮೇಲೆ ಹೇಳಿದಳು: "ಅಣ್ಣನ್ನ ತಣ್ಣಗಿಟ್ಟಿದೀರಿ ಮಾವ, ಕೆಡಲ್ಲ. ನನ್ನ ಕಾರ್ಡಿಗೆ ಶೀತಲ ಕೋಣೆ ಇಲ್ಲ."

ಮುದುಕ ಲೋಟ ಮುಂದೆ ಚಾಚಿದ. ಒಪ್ಪಿದ ಎಂದರ್ಥ.

ಫೆಬ್ರುವರಿಯಲ್ಲಿ ಕೊನಾಡು ಬಂದಳು. ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟಿನ ಮುದ್ರೆಗಳನ್ನು ತಿರುವಿ ತಿರುವಿ ನೋಡಿ ಒಳಗೆ ಬಿಟ್ಟರಂತೆ. ತನ್ನ ಬೀಗದ ಕೈಯಿಂದ ತಾನೇ ಬಾಗಿಲು ತೆಗೆದು ಬಂದಳು. ನಾನು ಮಾಡಿದ್ದ ಮೇಕೆ ಸಾರಿನ ಮುಂದೆ ಮೂವರೂ ಕೂತೆವು. ಅಂಪೊಮಾ ತಾಯಿಯ ತೋಳು ಬಿಡಲೊಲ್ಲಳು. ಅಷ್ಟರಲ್ಲಿ ಬೆಲ್ ಆಯಿತು.

"ಅಮ್ಮ ಒಳಗೇ ಇದಾಳಲ್ಲಾ," ಎಂದಳು ಹುಡುಗಿ.

ಕೊನಾಡು ಕೆಳಗಿಳಿದು ಹೋದಳು. ಬರುವಾಗ ಕೈಯಲ್ಲಿ ಡೂಫಿಯ ಚೀಟಿ ಇತ್ತು. ಅದನ್ನು ಮೇಜಿನ ಮೇಲಿಟ್ಟು, "ಅವಳ ಹತ್ರ ಬೀಗದ ಕೈ ಇಲ್ಲ, ಪಾಪ," ಎಂದಳು.

ಈಸ್ಟರಿಗೆ ಮತ್ತೆ ಹೊರಡುವ ಮುಂಚೆ ಅವಳೇ ನನ್ನನ್ನು ಕಚೇರಿಗೆ ಎಳೆದೊಯ್ದಳು. ಮಣ್ಣು ಇನ್ನೂ ಮುಂದೆ ಹೋದರೆ ಎಂದು ಹೆಚ್ಚಿನ ಗಡುವು ಕೇಳಿ, ಬರಹದಲ್ಲೇ ಪಡೆದಳು. ಅಣ್ಣನನ್ನು ಮಣ್ಣಿಗಿಟ್ಟು ನೆಮ್ಮದಿಯಿಂದ ಬಂದಳು.

ಡೂಫಿ ಸತ್ತಿಲ್ಲ. ಘಾನಾದಲ್ಲೇ, ಕುಮಾಸಿ ಪಟ್ಟಣದಲ್ಲಿ ಬಟ್ಟೆ ಮಾರುತ್ತಾಳೆ. ಮೊನ್ನೆ ಫೋನಿನಲ್ಲಿ ನನ್ನನ್ನು ಕೇಳಿದಳು: "ಸಂಜೆ ಹೊತ್ತು ನಮ್ಮನೆ ಬೆಲ್ ಈಗ್ಲೂ ಕೇಳಿಸುತ್ತಾ, ಅಕ್ಕಾ?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾಯಂ ಎಂಬ ಮಾತನ್ನು ನಂಬಿ ಕೂರಬೇಡಿ. ಈ ದೇಶದಲ್ಲಿ ಹೆಚ್ಚಿನವರಿಗೆ ಗಡುವು ಆರು ತಿಂಗಳು. ಬಹಳ ವರ್ಷದಿಂದ ಇರುವವರಿಗೆ ನಿಯಮ ಬೇರೆ ಇರಬಹುದು. ನಿಮ್ಮದು ಯಾವುದೆಂದು ಹೋಗುವ ಮುಂಚೆಯೇ ಕೇಳಿ. ತಡವಾಗಬಹುದೆನಿಸಿದರೆ ಹೆಚ್ಚಿನ ಗಡುವನ್ನು ಬರಹದಲ್ಲಿ ಪಡೆಯಿರಿ. ಇಲ್ಲಿಯ ಮನೆ, ವಿಳಾಸ ಬಿಟ್ಟುಕೊಡಬೇಡಿ. ಸತ್ತವರು ಕಾಯುತ್ತಾರೆ, ಗಡುವು ಕಾಯುವುದಿಲ್ಲ. ನಿಮ್ಮ ಮನೆಯ ಬಾಗಿಲಲ್ಲಿ ನಿಂತು ನೀವೇ ಬೆಲ್ ಒತ್ತುವಂತಾಗದಿರಲಿ.