ಪಿಕಪ್ ಬಾಡಿ ಬಿಚ್ಚುವ ಮೊದಲು ಕನ್ನಡಕ

ಕುಂದಾಪುರದ ಕೋಡಿಯಲ್ಲಿ ಮೀನು ಮಾರುವ ಜಲಜಳಿಗೆ ಆ ಮಳೆಗಾಲದಲ್ಲಿ ಸಾಕುಸಾಕಾಗಿತ್ತು. ದೋಣಿಗಳು ದಡ ಹತ್ತಿದ್ದವು, ಮೀನಿನ ವ್ಯಾಪಾರ ನಿಂತಿತ್ತು. ಇದ್ದೊಂದು ಪಿಕಪ್ಪಿನ ಹಿಂದಿನ ಬಾಡಿ, ವರ್ಷಗಟ್ಟಲೆ ಮೀನಿನ ಉಪ್ಪುನೀರು ಕುಡಿದು, ತುಕ್ಕು ತಿಂದು ಜರಡಿಯಾಗಿತ್ತು. ಮೀನುಗಾರಿಕೆ ಶುರುವಾಗುವುದರೊಳಗೆ ಅದನ್ನು ಬಿಚ್ಚಿ ಬೇರೆ ಬಾಡಿ ಕೂರಿಸಬೇಕಿತ್ತು.

ಗಂಡ ಸುಧೀರ್ ಬೆಳಿಗ್ಗೆಯಿಂದ ಅದರ ಮೇಲೆಯೇ ಕೂತಿದ್ದ. ಬಾಡಿಯನ್ನು ಹಿಡಿದಿಟ್ಟ ಬೋಲ್ಟುಗಳೇ ಕಾಣುತ್ತಿರಲಿಲ್ಲ. ತೂತು ಮುಚ್ಚಲು ಎಂದೋ ಹಾಸಿ ವೆಲ್ಡಿಂಗ್ ಮಾಡಿಸಿದ ತಗಡಿನಡಿ ಅವು ಹೂತುಹೋಗಿದ್ದವು. ತಗಡು ಎಬ್ಬಿಸಿದರೆ ತುಕ್ಕಿನ ಹಕ್ಕಳೆ. ಸ್ಪ್ಯಾನರ್ ಹಾಕಿದರೆ ಸವೆದ ತಲೆ ಜಾರುತ್ತಿತ್ತು. ಕೊನೆಗೆ ಚಾಣ, ಸುತ್ತಿಗೆ ಹಿಡಿದ.

"ಹ್ವಾಯ್, ಕಣ್ಣಿಗೆ ಕನ್ನಡ್ಕ ಆರೂ ಹಾಯ್ಕಣಿ. ಚೂರ್ ಹಾರತ್ತ್," ಎಂದಳು ಜಲಜ.

"ಕನ್ನಡ್ಕ ಹಾಯ್ಕಂಡ್ರೆ ಬೆವ್ರಿಗೆ ಎಂತದೂ ಕಾಂತಿಲ್ಲೆ ಮಾರಾಯ್ತಿ. ಇಷ್ಟ್ ವರ್ಷ ಎಂತ ಆಯ್ತ್?"

ಜಲಜಳಿಗೆ ಮತ್ತೆ ಹೇಳುವ ತ್ರಾಣ ಇರಲಿಲ್ಲ. ಒಳಗೆ ಹೋಗಿ ಗಂಜಿಗೆ ಉಪ್ಪು ಹಾಕುವಷ್ಟರಲ್ಲಿ ಸುತ್ತಿಗೆಯ ಸದ್ದು ನಿಂತಿತು. ಓಡಿ ಬಂದಳು. ಸುಧೀರ್ ಎಡಗಣ್ಣನ್ನು ಅಂಗೈಯಿಂದ ಉಜ್ಜುತ್ತಿದ್ದ. ಸಹಾಯಕ್ಕೆ ಬಂದಿದ್ದ ನೆರೆಮನೆಯ ಕುಷ್ಟ ಹೆಗಲ ಮೇಲಿನ ಬೈರಾಸದ ತುದಿಯನ್ನು ಹುರಿ ಮಾಡುತ್ತಿದ್ದ.

"ತಲಿ ಎತ್ತ್ ಕಾಂಬ, ಈಗ್ಳೇ ತೆಗಿತೆ. ಆಮೇಲ್ ಎರಡ್ ಹನಿ ಎದಿಹಾಲ್ ಬಿಟ್ರೆ ತಂಪಾತ್ತ್."

"ಮುಟ್ಬೇಡಿ ಕುಷ್ಟಣ್ಣ!" ಎನ್ನುತ್ತಾ ಜಲಜ ಆಚೆಮನೆಯ ಆಶಾ ಕಾರ್ಯಕರ್ತೆ ಸ್ನೇಹಲತಾಳನ್ನು ಕೂಗಿ ಕರೆದಳು.

ಸ್ನೇಹಲತಾ ಬಂದವಳೇ ಸುಧೀರನ ಕೈ ಹಿಡಿದು ಕೆಳಗಿಳಿಸಿದಳು. "ಉಜ್ಬೇಡಿ ಸುಧೀರಣ್ಣ. ಈಗ್ಳೇ ಆಸ್ಪತ್ರೆಗ್ ಹೋಪ."

"ನೋವ್ ಕಮ್ಮಿ ಆಯ್ತಲೆ. ನಾಳಿಗ್ ಕಾಂಬ. ಕೆಲ್ಸ ಅರ್ಧ ಆಯ್ತ್."

"ಧೂಳ್ ಬಿದ್ರೆ ನೀರಂಗ್ ತೊಳುಕಾತ್ತ್. ಇದ್ ಸುತ್ತಿಗಿ ಪೆಟ್ಟಿಗ್ ಹಾರಿದ್ ಕಬ್ಣ. ಕಣ್ಣ್ ಒಳ್ಗೇ ಹೊಕ್ಕತ್ತ್. ಹೊಕ್ರೆ ಒಂದೊಂದ್ಸಲ ನೋವೇ ಇರತ್ತಿಲ್ಲೆ. ಬಲ್ಗಣ್ಣ್ ಮುಚ್ಚಿ, ನನ್ ಮುಖ ಕಾಣಿ."

ಸುಧೀರ್ ಬಲಗಣ್ಣು ಮುಚ್ಚಿದ.

"ಮಬ್ಬ್," ಎಂದ. ಅವನ ದನಿ ಸಣ್ಣದಾಗಿತ್ತು. "ಜಲಜಾ, ರಿಕ್ಷಾ ಕರಿ."

ಸ್ನೇಹಲತಾ ಕಣ್ಣಿಗೆ ಒತ್ತದ ಹಾಗೆ ಶುಚಿಯಾದ ಕಾಗದದ ಲೋಟವೊಂದನ್ನು ಮುಚ್ಚಿ ಪಟ್ಟಿ ಅಂಟಿಸಿದಳು. ಕುಂದಾಪುರದ ಕಣ್ಣಿನ ಡಾಕ್ಟರು ಕರಿಗುಡ್ಡೆಗೆ ನೆಟ್ಟಿದ್ದ ಚೂರನ್ನು ತೆಗೆದರು. ಸಾಸಿವೆಗಿಂತ ಸಣ್ಣದು. ಉಜ್ಜಿದ್ದರಿಂದ ಕಣ್ಣು ಗೀರಿತ್ತು. ತಡ ಮಾಡಿದ್ದರೆ ಕೀವಾಗಿ ದೃಷ್ಟಿಯೇ ಹೋಗುತ್ತಿತ್ತು ಎಂದರು.

ಮೀನುಗಾರಿಕೆ ಶುರುವಾದಾಗ ಪಿಕಪ್ ಅರ್ಧ ಬಿಚ್ಚಿಕೊಂಡು ಅಂಗಳದಲ್ಲೇ ಇತ್ತು. ಜಲಜ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ತಿರುಗಿದಳು. ಸಂಜೆ ಬಂದು ಗಂಡನ ಕಣ್ಣಿಗೆ ಮದ್ದು ಬಿಟ್ಟಳು. ಕಣ್ಣು ಉಳಿಯಿತು. ಆದರೂ ರಾತ್ರಿ ಎದುರಿನ ಗಾಡಿಯ ಬೆಳಕು ಈಗಲೂ ಅವನಿಗೆ ಒಡೆದು ಕಾಣುತ್ತದೆ.

ಮತ್ತೆ ಕೆಲಸ ಮಾಡಲು ಡಾಕ್ಟರು ಒಪ್ಪಿದ ಮೇಲೆ ಸುಧೀರ್ ಪಕ್ಕವೂ ಮುಚ್ಚುವ ಕನ್ನಡಕ ತಂದ, ಕುಷ್ಟನಿಗೂ ಒಂದು. ಬೋಲ್ಟುಗಳಿಗೆ ಎಣ್ಣೆ ಬಿಟ್ಟು ನೆನೆಸಿ, ನಿಧಾನಕ್ಕೆ ಒಂದೊಂದನ್ನೇ ಬಿಡಿಸಿದರು.

"ಕುಷ್ಟಣ್ಣ, ಮೊದ್ಲ್ ಇದ್ನ್ ಹಾಯ್ಕಣಿ. ಆಮೇಲ್ ಸುತ್ತಿಗಿ," ಎಂದು ಸುಧೀರ್ ಮೊದಲೇ ಹೇಳಿದ್ದ.

ಬಾಡಿ ಕೆಳಗಿಳಿದಾಗ ಯಾರಿಗೂ ಕುಣಿಯುವಷ್ಟು ಖುಷಿ ಇರಲಿಲ್ಲ. ಎಲ್ಲರೂ ಜಗಲಿಯಲ್ಲಿ ಕೂತು ಚಾ ಕುಡಿದರು.

ಅಣ್ಣಂದಿರೇ, ಅಕ್ಕಂದಿರೇ, ತುಕ್ಕು ಕೆರೆಯುವಾಗ, ಕಬ್ಬಿಣಕ್ಕೆ ಸುತ್ತಿಗೆ ಹಾಕುವಾಗ ಕಣ್ಣಿಗೆ ಕನ್ನಡಕ ಇರಲಿ. ಚೂರು ಹಾರಿ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಬಟ್ಟೆಯಿಂದ ತೆಗೆಯಬೇಡಿ, ಎದೆಹಾಲು ಬಿಡಬೇಡಿ. ನೋವಿಲ್ಲದಿದ್ದರೂ ಆಗಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕೆಲಸ ಮಾಡಿ ದಣಿದಿದ್ದೀರಿ, ನಮಗೂ ಗೊತ್ತು. ಕೈ ತಪ್ಪುವುದು ದಣಿದ ಹೊತ್ತಿನಲ್ಲೇ.